ಗುಂಡಿ ಒತ್ತಿದ ಕೈ

ಅಭಿನಂದನ ಗ್ರಂಥಕ್ಕೆ ಒಂದು ಲೇಖನ ಬೇಕು ಎಂದು ಚನ್ನಪಟ್ಟಣದಿಂದ ಫೋನು ಬಂದಾಗ ನಾನು ಕನಕಪುರದ ಕಾಲೇಜಿನ ಲ್ಯಾಬಿನಲ್ಲಿ ಕೆಟ್ಟ ಕೀಬೋರ್ಡುಗಳನ್ನು ಬೇರೆ ಮಾಡುತ್ತಾ ಕೂತಿದ್ದೆ. ಫೋನು ಮಾಡಿದವರು ಸನ್ಮಾನ ಸಮಿತಿಯ ಕಾರ್ಯದರ್ಶಿ. ಪಾಲಿಟೆಕ್ನಿಕ್ಕಿನಲ್ಲಿ ನನಗೆ ಪಾಠ ಹೇಳಿ ನಿವೃತ್ತರಾದವರು.

"ನಿಮ್ಮ ಹಳೇ ಸಾರ್ ಕಂಪ್ನಿ ಮಾರ್ಬುಟ್ಟು ರಿಟೈರ್ ಆಯ್ತಾವ್ರೆ ಕಣಮ್ಮ. ರಾಮನಗರದಾಗೆ ದೊಡ್ಡ ಸನ್ಮಾನ ಮಡಗಿದ್ದೀವಿ. ಅವ್ರ ಕೈಕೆಳಗೆ ಕೆಲ್ಸ ಕಲ್ತೋರಲ್ಲಿ ನೀನೇ ಮೊದಲ್ನೇ ಹೆಣ್ಣುಮಗಳು. ನಾಕು ಒಳ್ಳೆ ಮಾತು ಬರ್ಕೊಡು."

"ಎಷ್ಟು ಪುಟ ಸಾರ್?"

"ಎರಡಾದ್ರೆ ಸಾಕು."

ಎರಡು ಪುಟದಲ್ಲಿ ಮುಗಿಯುವ ವಿಷಯವಲ್ಲ ಎಂದು ನಾನು ಹೇಳಲಿಲ್ಲ. ಆಗಲಿ ಎಂದೆ. ಒಂಬತ್ತು ವರ್ಷದಿಂದ ನಾನು ಕಾಯುತ್ತಿದ್ದದ್ದೇ ಇಂಥದೊಂದು ಫೋನಿಗೆ. ಸಾರ್ ತಮ್ಮ ಕೈಯಾರೆ ಮಾಡಿದ ಒಂದು ತಪ್ಪನ್ನು ನನ್ನ ತಲೆಗೆ ಕಟ್ಟಿದ್ದರು. ನನ್ನೂರು ಅಕ್ಕೂರಿನಲ್ಲಿ ಇವತ್ತಿಗೂ ಅದು ನನ್ನ ತಪ್ಪು. ಅದನ್ನು ಅವರ ಬಾಯಿಂದಲೇ ಒಪ್ಪಿಸಬೇಕು, ನಾಲ್ಕು ಜನಕ್ಕೆ ಗೊತ್ತಾಗುವ ಹಾಗೆ ಒಪ್ಪಿಸಬೇಕು ಎನ್ನುವುದೊಂದೇ ನನ್ನ ಹಟ. ಓದುವವರು ಇದನ್ನು ಮೊದಲೇ ತಿಳಿದುಕೊಂಡು ಮುಂದೆ ಓದಿದರೆ ಒಳ್ಳೆಯದು. ಬರೀ ಹೂಮಾಲೆ ಬೇಕಾದವರಿಗೆ ಈ ಪುಸ್ತಕದಲ್ಲಿ ಬೇರೆ ಪುಟಗಳಿವೆ.

ಒಳ್ಳೆಯ ಮಾತೂ ಇದೆ. ಅದನ್ನು ನುಂಗಿಬಿಟ್ಟರೆ ನಾನೂ ಅವರ ಹಾಗೇ ಆಗುತ್ತೇನೆ.

ಅವರನ್ನು ನಾನು ಮೊದಲು ನೋಡಿದ್ದು ರಾಮನಗರದ ಒಂದು ಹಳೆಯ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ. ಕಾರ್ಖಾನೆ ಮುಚ್ಚಿ ಹೋಗಿತ್ತು, ಅದನ್ನೇ ಬಾಡಿಗೆಗೆ ಹಿಡಿದು ಕಂಪನಿ ಮಾಡಿದ್ದರು. ಗೂಡು ಬೇಯಿಸುತ್ತಿದ್ದ ತೊಟ್ಟಿಗಳನ್ನು ಕೀಳಿಸಿ ಆ ಜಾಗದಲ್ಲಿ ಸರ್ವರುಗಳನ್ನು ಇಟ್ಟಿದ್ದರು. ಏಸಿ ಹಾಕಿದರೂ ಗೋಡೆಯಿಂದ ಬೆಂದ ಹುಳದ ವಾಸನೆ ಹೋಗಿರಲಿಲ್ಲ, ಮಳೆ ಬಂದರಂತೂ ಮೂಗು ಮುಚ್ಚಿಕೊಂಡೇ ಕೆಲಸ. ವಿಷಯ ತಿಳಿಯದ ರೈತರು ಆಗಾಗ ಗೂಡಿನ ಚೀಲ ಹೊತ್ತು ಬಾಗಿಲಿಗೆ ಬರುತ್ತಿದ್ದರು. ಸಾರ್ ಅವರನ್ನು ಸುಮ್ಮನೆ ಕಳಿಸುತ್ತಿರಲಿಲ್ಲ. ಒಳಗೆ ಕೂರಿಸಿ, ಟೀ ಕೊಟ್ಟು, ಮಾರ್ಕೆಟ್ಟಿನ ದಾರಿ ಹೇಳಿ ಕಳಿಸುತ್ತಿದ್ದರು.

ಆಗ ಅವರಿಗೆ ಐವತ್ತರ ಹತ್ತಿರ. ಕುಳ್ಳು, ದಪ್ಪ ಮೀಸೆ, ಯಾವಾಗಲೂ ಅರ್ಧ ತೋಳಿನ ಬಿಳಿ ಶರ್ಟು. ಕನ್ನಡಕವನ್ನು ಶರ್ಟಿನ ಅಂಚಿನಲ್ಲೇ ಒರೆಸಿ ಒರೆಸಿ ಆ ಅಂಚು ಸದಾ ಕಪ್ಪಗಿರುತ್ತಿತ್ತು. ನನ್ನ ಡಿಪ್ಲೊಮಾ ಅಂಕಪಟ್ಟಿಯನ್ನು ಅವರು ಮಡಿಕೆ ಬಿಚ್ಚಿಯೂ ನೋಡಲಿಲ್ಲ.

"ಯಾವೂರು?"

"ಅಕ್ಕೂರು ಸಾರ್."

"ಮನೇಲಿ ಹುಳ ಮೇಯಿಸ್ತೀರಾ?"

"ಹ್ಞೂ ಸಾರ್."

"ಸೊಪ್ಪು ಹಾಕಾದು ಯಾರು?"

"ನಾನೂ ಹಾಕ್ತೀನಿ."

"ಹಂಗಾದ್ರೆ ಆಯ್ತು. ಹೊತ್ತುಹೊತ್ತಿಗೆ ಎದ್ದು ಹುಳ ನೋಡಾಕೆ ಬರೋರ್ಗೆ ಸರ್ವರ್ ನೋಡಾಕೆ ಬತ್ತದೆ. ಸೋಮವಾರದಿಂದ ಬಾ."

ಇಂಟರ್‌ವ್ಯೂ ಅಷ್ಟೇ. ಮನೆಗೆ ಬಂದು ಹೇಳಿದಾಗ ಅಪ್ಪ ನಂಬಲಿಲ್ಲ.

ನಮ್ಮ ಕಂಪನಿ ಮಾಡುತ್ತಿದ್ದದ್ದು ವರ್ಚುವಲೈಸೇಶನ್ ಸಾಫ್ಟ್‌ವೇರು. ಒಂದು ದೊಡ್ಡ ಯಂತ್ರವನ್ನು ಒಳಗೊಳಗೇ ಹತ್ತಾರು ಯಂತ್ರಗಳಾಗಿ ಹಂಚುವ ಕೆಲಸ. ಹೊರಗಿನಿಂದ ನೋಡಿದರೆ ಒಂದೇ ಡಬ್ಬಿ. ಒಳಗೆ ಆಸ್ಪತ್ರೆಯದೊಂದು, ಸೊಸೈಟಿಯದೊಂದು, ಕಾಲೇಜಿನದೊಂದು, ಒಂದಕ್ಕೊಂದು ಸಂಬಂಧವಿಲ್ಲದೆ ಓಡುತ್ತವೆ. ದೊಡ್ಡ ದೊಡ್ಡ ದೇಶಗಳಲ್ಲಿ ಮಾಡುವ ಈ ಕೆಲಸವನ್ನು ರಾಮನಗರದಲ್ಲಿ, ಅದೂ ನಮ್ಮಂಥ ಡಿಪ್ಲೊಮಾ ಮಕ್ಕಳನ್ನು ಕಟ್ಟಿಕೊಂಡು ಮಾಡುತ್ತೇನೆಂದರೆ ಜನ ನಕ್ಕಿದ್ದರು. ಸಾರ್ ತಲೆ ಕೆಡಿಸಿಕೊಳ್ಳಲಿಲ್ಲ. ಮೊದಲ ದಿನ ನಮ್ಮನ್ನೆಲ್ಲ ನಿಲ್ಲಿಸಿ ಪಾಠ ಮಾಡಿದ್ದು ನನಗೆ ಇನ್ನೂ ನೆನಪಿದೆ.

"ಹುಳುಮನೇಲಿ ಸ್ಟ್ಯಾಂಡ್ ಮೇಲೆ ತಟ್ಟೆ ಜೋಡ್ಸಿರ್ತೀರಲ್ಲ? ಹುಳಕ್ಕೆ ತನ್ನ ತಟ್ಟೆನೇ ಪ್ರಪಂಚ. ಮ್ಯಾಲಿನ ತಟ್ಟೇಲಿ ಇನ್ನೊಂದು ಸಂಸಾರ ಐತೆ ಅಂತ ಅದ್ಕೆ ಗೊತ್ತಾಗ್ಬಾರ್ದು. ಒಂದು ತಟ್ಟೆಗೆ ರೋಗ ಬಂದ್ರೆ ಪಕ್ಕದ್ದಕ್ಕೆ ದಾಟ್ಬಾರ್ದು. ಅಷ್ಟೇಯ ನಮ್ ಕೆಲ್ಸ."

"ಕ್ಲೌಡು ಅಂದ್ರೆ ಸಾರ್?" ಎಂದು ಯಾರೋ ಕೇಳಿದರು.

"ಬೇರೇರ ಹುಳುಮನೇಲಿ ನಮ್ ತಟ್ಟೆ ಮಡಗಾದು."

ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಇವತ್ತಿನವರೆಗೂ ಕಂಡಿಲ್ಲ. ಕಾಲೇಜಿನಲ್ಲಿ ಈಗ ನಾನೂ ಮಕ್ಕಳಿಗೆ ಹೀಗೇ ಹೇಳಿಕೊಡುತ್ತೇನೆ, ಯಾರ ಮಾತು ಎಂದು ಮಾತ್ರ ಹೇಳುವುದಿಲ್ಲ. ಅಷ್ಟು ಸಣ್ಣತನ ನನಗೂ ಇರಲಿ.

ಆಯುಧಪೂಜೆಯ ದಿನ ಅವರನ್ನು ನೋಡಬೇಕಿತ್ತು. ಸರ್ವರು ಇದ್ದದ್ದು ಮೂರು ಡಬ್ಬಿ, ಒಳಗೆ ಓಡುತ್ತಿದ್ದ ಯಂತ್ರಗಳು ಮೂವತ್ತೆಂಟು. ಪೂಜಾರಿ ಮೂರು ಡಬ್ಬಿಗೆ ಮೂರು ಬೊಟ್ಟು ಇಟ್ಟು ಎದ್ದರೆ ಸಾರ್ ಬಿಡಲಿಲ್ಲ. "ಮಿಕ್ಕಿದ್ದವ್ಕೆ ಯಾರು ಇಡ್ತಾರೆ ಸ್ವಾಮಿ? ಮೈ ಇಲ್ಲ ಅಂದ್ರೆ ಜೀವ ಇಲ್ವಾ?" ಎಂದು ಪಟ್ಟು ಹಿಡಿದರು. ಕೊನೆಗೆ ನಾನು ಒಂದೊಂದೇ ಯಂತ್ರದ ಹೆಸರು ಓದಬೇಕು, ಪೂಜಾರಿ ಡಬ್ಬಿಯ ಮೇಲೆ ಒಂದೊಂದೇ ಬೊಟ್ಟು ಇಡಬೇಕು. ಮಾಗಡಿ ಸೊಸೈಟಿ, ಒಂದು ಬೊಟ್ಟು. ಕನಕಪುರದ ಲ್ಯಾಬು, ಒಂದು ಬೊಟ್ಟು. ಮುಗಿಯುವ ಹೊತ್ತಿಗೆ ಡಬ್ಬಿಗಳಿಗೆ ಸಿಡುಬು ಎದ್ದ ಹಾಗಾಗಿತ್ತು. ಪೂಜಾರಿ ದಕ್ಷಿಣೆಗೂ ನಿಲ್ಲದೆ ಸಿಡುಕುತ್ತಾ ಹೋದರು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು, ಅವರೂ ನಕ್ಕರು.

ಏನನ್ನೂ ಬಿಸಾಡುವ ಜನ ಅಲ್ಲ ಅವರು. ಮುರಿದ ಸ್ಕ್ರೂ, ತುಂಡಾದ ಕೇಬಲ್ಲು, ಸುಟ್ಟ ಫ್ಯಾನು, ಯಾವ ಕಾಲದ್ದೋ ಮೋಡೆಮ್ಮು, ಎಲ್ಲ ಅವರ ಬೀರುವಿನಲ್ಲಿ. ಕಂಪ್ಯೂಟರಿನಲ್ಲೂ ಅದೇ ಕಥೆ. ಒಂದು ಹಳೆಯ ಫೈಲು ಅಳಿಸಿ ಸಾರ್, ಜಾಗ ಇಲ್ಲ ಎಂದರೆ ಮುಖ ಸಣ್ಣಗೆ ಮಾಡಿಕೊಂಡು "ಇರ್ಲಿ ಬುಡವ್ವ, ಯಾವತ್ತಾದ್ರೂ ಬೇಕಾಯ್ತದೆ" ಎನ್ನುತ್ತಿದ್ದರು. ಅವರು ಏನನ್ನಾದರೂ ಅಳಿಸಿದ್ದು ನನಗೆ ಗೊತ್ತಿರುವ ಹಾಗೆ ಒಂದೇ ಸಲ, ಅದೂ ಅಳಿಸುತ್ತಿದ್ದೇನೆಂದು ತಿಳಿಯದೆ.

ಇನ್ನೊಂದು ಒಳ್ಳೆಯ ಮಾತು ಬಾಕಿ ಇದೆ, ಹೇಳಿ ಮುಗಿಸುತ್ತೇನೆ. ಮಾಗಡಿಯ ಒಂದು ಸಹಕಾರ ಸಂಘಕ್ಕೆ ಯಂತ್ರ ಕೂರಿಸಲು ಹೋದಾಗ ಅಲ್ಲಿನ ಅಧ್ಯಕ್ಷರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಂಜಿನಿಯರ್ ಎಲ್ಲಿ?" ಎಂದು ಸಾರ್ ಅವರನ್ನು ಕೇಳಿದರು.

"ಇವ್ಳೇ ಇಂಜಿನಿಯರು. ನಾನು ಡ್ರೈವರು," ಎಂದು ಸಾರ್ ಹೊರಗೆ ಹೋಗಿ ಕಾರಿನಲ್ಲಿ ಕೂತರು. ಕೆಲಸ ಮುಗಿಯುವವರೆಗೂ ಒಳಗೆ ಬರಲಿಲ್ಲ. ಆವತ್ತು ನಾನು ಕತ್ತೆತ್ತಿ ಮಾಡಿದ ಕೆಲಸ ನನಗೇ ಗೊತ್ತು. ಈ ಮನುಷ್ಯನಿಗಾಗಿ ಏನು ಬೇಕಾದರೂ ಮಾಡುತ್ತೇನೆ ಅಂದುಕೊಂಡಿದ್ದೆ. ಮುಂದೆ ಆದದ್ದು ಹೊಟ್ಟೆಗೆ ಬೆಂಕಿ ಇಟ್ಟ ಹಾಗಾಗಿದ್ದು ಅದಕ್ಕೇ. ಕಂಡವರು ಯಾರೋ ಮಾಡಿದ್ದರೆ ಬೈದು ಮರೆಯುತ್ತಿದ್ದೆ.

ಈಗ ಆ ಶುಕ್ರವಾರಕ್ಕೆ ಬರುತ್ತೇನೆ.

ಚನ್ನಪಟ್ಟಣದ ಹತ್ತಿರ ಒಂದು ಚಾಕಿ ಕೇಂದ್ರ ಇತ್ತು. ಚಾಕಿ ಕೇಂದ್ರವೆಂದರೆ ಎಳೆಯ ರೇಷ್ಮೆ ಹುಳುಗಳನ್ನು ಎರಡನೇ ಜ್ವರದವರೆಗೆ, ಅಂದರೆ ಎರಡು ಸಲ ಪೊರೆ ಬಿಡುವವರೆಗೆ ಸಾಕಿ ರೈತರಿಗೆ ಕೊಡುವ ಜಾಗ. ಇಂಥ ವಾರ ನನಗೆ ಇಷ್ಟು ಮೊಟ್ಟೆಯ ಹುಳ ಬೇಕು ಎಂದು ರೈತರು ಮೊದಲೇ ಬುಕ್ ಮಾಡುತ್ತಾರೆ. ಅದಕ್ಕೆ ಸರಿಯಾಗಿ ಹಿಪ್ಪುನೇರಳೆ ಕತ್ತರಿಸಿ ಬೆಳೆಸಿರುತ್ತಾರೆ, ಹುಳುಮನೆ ತೊಳೆದು ಸುಣ್ಣ ಹಾಕಿರುತ್ತಾರೆ. ಒಂದು ವಾರ ತಪ್ಪಿದರೆ ಸೊಪ್ಪು ಬಲಿತು ಆ ಬೆಳೆ ಹೋಯಿತು. ಮೊದಲು ಅದೆಲ್ಲ ಒಂದು ನೋಟ್‌ಬುಕ್ಕಿನಲ್ಲಿರುತ್ತಿತ್ತು. ಅದನ್ನು ನಮ್ಮ ಕಂಪನಿಯ ಯಂತ್ರಕ್ಕೆ ತರಿಸಿದವಳು ನಾನು. ಅಕ್ಕೂರಿನ ಡೈರಿ ಮುಂದೆ ನಿಂತು, ಬೆಳಿಗ್ಗೆ ಹಾಲು ಹಾಕಲು ಬಂದವರಿಗೆಲ್ಲ ಹೇಳಿದ್ದೆ. ಮೊದಲು ತಲೆಯಾಡಿಸಿದವನು ನಮ್ಮ ಚಿಕ್ಕಪ್ಪ. "ನಮ್ ಹುಡ್ಗಿ ಅವ್ಳೆ ಕಣ್ರಲಾ ಅಲ್ಲಿ, ಇನ್ನೇನ್ ಭಯ?" ಎಂದಿದ್ದ.

ಆ ಸೋಮವಾರ ಚಾಕಿ ಕೇಂದ್ರದ ಯಂತ್ರಕ್ಕೆ ಹೊಸ ಆವೃತ್ತಿ ಹಾಕುವುದಿತ್ತು. ಹಾಕುವ ಮೊದಲು ಯಂತ್ರದ ಆ ಕ್ಷಣದ ಸ್ಥಿತಿಯನ್ನು ಹಿಡಿದಿಡುವುದು ಪದ್ಧತಿ. ಸ್ನ್ಯಾಪ್‌ಶಾಟ್ ಎನ್ನುತ್ತಾರೆ, ನಮ್ಮಲ್ಲಿ ಫೋಟೊ ಎನ್ನುತ್ತಿದ್ದೆವು. ಹೊಸದು ಕೈಕೊಟ್ಟರೆ ಫೋಟೊಗೆ ವಾಪಸ್ ಹೋಗಬಹುದು. ಹೊಸದು ಸರಿಯಾಗಿ ಓಡಿದರೆ ಫೋಟೊ ತೆಗೆದುಹಾಕಬೇಕು. ಆಗ ಫೋಟೊ ಆದ ಮೇಲೆ ನಡೆದ ಕೆಲಸವೆಲ್ಲ ಮೂಲದ ಜೊತೆ ಸೇರಿ ಗಟ್ಟಿಯಾಗುತ್ತದೆ. ತೆಗೆದುಹಾಕದೆ ಬಿಟ್ಟರೆ ದಿನದಿನಕ್ಕೂ ಯಂತ್ರ ನಿಧಾನವಾಗುತ್ತದೆ. ಕೇಳುವವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ತೆಗೆದುಹಾಕಿದರೆ ಕೆಲಸ ಉಳಿಯುತ್ತದೆ, ವಾಪಸ್ ಹೋದರೆ ಕೆಲಸ ಹೋಗುತ್ತದೆ. ಈ ವ್ಯಾಪಾರದಲ್ಲಿರುವವರು ಮೊದಲ ವಾರ ಕಲಿಯುವ ಪಾಠ ಅದು.

ನಾನು ಸೋಮವಾರ ಫೋಟೊ ಹಿಡಿದಿಟ್ಟು ಹೊಸದನ್ನು ಹಾಕಿದೆ. ಒಂದು ವಾರ ನೋಡಿ ಫೋಟೊ ತೆಗೆದುಹಾಕೋಣ ಎಂದುಕೊಂಡಿದ್ದೆ. ದಿನಾ ತಾನಾಗೇ ಆಗುವ ಬ್ಯಾಕಪ್ಪನ್ನು ಕೆಲಸಕ್ಕಾಗಿ ನಿಲ್ಲಿಸಿದ್ದವಳು ಮತ್ತೆ ಶುರುಮಾಡಲು ಮರೆತೆ. ಅದು ನನ್ನ ತಪ್ಪು. ಅದನ್ನು ನಾನು ಯಾವತ್ತೂ ಮುಚ್ಚಿಟ್ಟಿಲ್ಲ, ಇಲ್ಲೂ ಬರೆಯುತ್ತಿದ್ದೇನೆ. ಶುಕ್ರವಾರ ಬೆಳಿಗ್ಗೆ ನಾನು ತಿಪ್ಪಸಂದ್ರದಲ್ಲಿ ಬೇರೊಂದು ಕಚೇರಿಯ ಯಂತ್ರದ ಮುಂದೆ ಕೂತಿದ್ದೆ. ಇತ್ತ ಚಾಕಿ ಕೇಂದ್ರದವರು ಯಂತ್ರ ತುಂಬ ನಿಧಾನ ಎಂದು ಫೋನು ಮಾಡಿದರು. ಅವಳು ಬರಲಿ ಎನ್ನದೆ ಸಾರ್ ತಾವೇ ಕೂತರು. ಎದುರಿಗೆ ಎರಡು ಗುಂಡಿ. ಫೋಟೊ ತೆಗೆದುಹಾಕು, ಫೋಟೊಗೆ ವಾಪಸ್ ಹೋಗು. ಒಂದು ಸ್ಕ್ರೂ ಬಿಸಾಡಲಾಗದ ಮನುಷ್ಯ ತೆಗೆದುಹಾಕುವ ಗುಂಡಿಯನ್ನು ಹೇಗೆ ಒತ್ತಿಯಾನು? ವಾಪಸ್ ಹೋಗುವುದನ್ನು ಒತ್ತಿದರು. 'ಫೋಟೊ ಆದ ನಂತರದ ಕೆಲಸವೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಬೇಕೆ?' ಎಂದು ಯಂತ್ರ ಅಚ್ಚಗನ್ನಡದಲ್ಲಿ ಕೇಳಿತು. ಆ ಸಾಲು ಬರೆದವಳೂ ನಾನೇ. ಅವರು ಓದದೆ ಹೌದು ಎಂದರು. ಸೋಮವಾರದಿಂದ ಶುಕ್ರವಾರದವರೆಗಿನ ಬುಕಿಂಗು ಅಷ್ಟೂ ಹೋಯಿತು. ಸಂಜೆ ವಾಪಸ್ ಬಂದು ಯಂತ್ರದ ದಾಖಲೆ ನೋಡಿದಾಗ ನನಗೆ ತಿಳಿದದ್ದು ಇದು.

ಹುಳು ಕೊಡುವ ದಿನ ಅಕ್ಕೂರಿನಿಂದ ತೊಳೆದ ತಟ್ಟೆಗಳನ್ನು ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಹೋದವರನ್ನು, ನಿಮ್ಮ ಹೆಸರು ಇಲ್ಲ ಎಂದು ವಾಪಸ್ ಕಳಿಸಿದರು. ಅವರಲ್ಲಿ ಚಿಕ್ಕಪ್ಪನೂ ಇದ್ದ. ಅವನು ಖಾಲಿ ತಟ್ಟೆಗಳ ಜೊತೆ ನಮ್ಮ ಮನೆ ಮುಂದೆ ಇಳಿದು, ಒಳಗೆ ಬರದೆ ಬೇಲಿಯ ಹತ್ತಿರವೇ ನಿಂತ. ಅಪ್ಪ ಹೊರಗೆ ಹೋಗಿ ಕರೆದರೂ ಬರಲಿಲ್ಲ. ಆ ಸಲದ ಸೊಪ್ಪನ್ನೆಲ್ಲ ಅವನು ದನಕ್ಕೆ ಹಾಕಿದ.

ಎರಡು ದಿನದ ಮೇಲೆ ಕೇಂದ್ರದ ಶೆಡ್ಡಿನ ಕೆಳಗೆ ರೈತರು ಸೇರಿದರು. ಸಾರ್ ಎದ್ದು ನಿಂತರು. ಪಕ್ಕದಲ್ಲಿ ನಾನು. ಎಲ್ಲ ಹೇಳುತ್ತಾರೆ, ನನ್ನ ಬ್ಯಾಕಪ್ಪಿನ ತಪ್ಪೂ ಹೇಳುತ್ತಾರೆ, ನಾನೂ ಕೈ ಮುಗಿದು ಕ್ಷಮೆ ಕೇಳಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿದ್ದೆ.

"ನೋಡ್ರಪ್ಪ," ಎಂದರು ಸಾರ್. "ಈ ಮಗಾ ಇನ್ನೂ ಹೊಸ್ತು. ಒಸಿ ಎಡವಟ್ಟು ಮಾಡ್ಬುಟ್ಟೈತೆ. ಏನೋ ಒತ್ತಾಕೋಗಿ ಏನೋ ಒತ್ಬುಟ್ಟೈತೆ. ಅವ್ಳನ್ನ ಯಾರೂ ಏನೂ ಅನ್ಬ್ಯಾಡಿ. ಜವಾಬ್ದಾರಿ ನಂದು. ಬೈಯೋದಿದ್ರೆ ನನ್ನ ಬೈರಿ."

ಯಾರೂ ಅವರನ್ನು ಬೈಯಲಿಲ್ಲ. ಎಂಥ ದೊಡ್ಡ ಮನಸ್ಸು ಎಂದರು. ಒಬ್ಬ ಅಜ್ಜ ಎದ್ದು ಬಂದು ಅವರ ಕೈ ಹಿಡಿದುಕೊಂಡ. ಎಲ್ಲರೂ ನನ್ನ ಕಡೆ ನೋಡಿದರು. ಯಾಕೆ ಮಾತಾಡಲಿಲ್ಲ ಎಂದು ಇವತ್ತಿಗೂ ನನ್ನನ್ನೇ ಬೈದುಕೊಳ್ಳುತ್ತೇನೆ. ಆಗ ನನಗೆ ಇಪ್ಪತ್ತೆರಡು ವಯಸ್ಸು, ಅವರು ನನಗೆ ದೇವರ ಹಾಗೆ. ಬೇರೆ ಕಾರಣ ಇಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಅವರೇ ಬಾಯಿಬಿಟ್ಟರು. "ನನ್ ಹೆಸ್ರು ಹೋದ್ರೆ ಕಂಪ್ನಿನೇ ಹೋಯ್ತದೆ ಕಣವ್ವ. ಇಪ್ಪತ್ತು ಮಕ್ಳು ಮನೆಗೋಯ್ತಾರೆ. ನಿಂಗಿನ್ನೂ ವಯಸ್ಸೈತೆ. ಒಂದ್ ತಿಂಗ್ಳು ತಡ್ಕೊ. ತಣ್ಣಗಾಗ್ಲಿ, ನಾನೇ ಊರಿಗೆ ಬಂದು ಎಲ್ಲಾರ್ಗೂ ಹೇಳ್ತೀನಿ."

ಒಂದು ತಿಂಗಳು ತಡೆದೆ. ಆರು ತಿಂಗಳು ತಡೆದೆ. ಎರಡು ಸಲ ನೆನಪಿಸಿದೆ. "ಹೇಳ್ತೀನಿ ಅಂದ್ನಲ್ಲ" ಎಂದು ಕನ್ನಡಕ ಒರೆಸುತ್ತಾ ಎದ್ದು ಹೋದರು. ಊರಿನಲ್ಲಿ ಹೆಂಗಸರು ನಲ್ಲಿಯ ಹತ್ತಿರ ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಚಿಕ್ಕಪ್ಪ ಹಬ್ಬಕ್ಕೂ ನಮ್ಮ ಮನೆಯಲ್ಲಿ ಊಟ ಮಾಡುವುದು ಬಿಟ್ಟ. ನಾನು ಕೆಲಸ ಬಿಟ್ಟು ಕನಕಪುರಕ್ಕೆ ಬಂದೆ. ಹೊರಡುವ ಮೊದಲು ಒಂದು ಕೆಲಸ ಮಾಡಿದ್ದೆ. ಆ ಶುಕ್ರವಾರ ಯಾವ ಗುಂಡಿಯನ್ನು ಯಾವ ಹೊತ್ತಿನಲ್ಲಿ ಯಾರ ಹೆಸರಿನಲ್ಲಿ ಒತ್ತಲಾಯಿತು ಎಂದು ಯಂತ್ರವೇ ಬರೆದಿಟ್ಟುಕೊಂಡಿರುತ್ತದಲ್ಲ, ಆ ದಾಖಲೆಯ ಒಂದು ಪುಟ ಪ್ರಿಂಟು ತೆಗೆದು ಬ್ಯಾಗಿಗೆ ಹಾಕಿಕೊಂಡೆ. ಅದರಲ್ಲಿ ಅವರ ಹೆಸರಿತ್ತು.

ಇಷ್ಟಕ್ಕೇ ನಿಂತಿದ್ದರೆ ನಾನು ಹೇಗೋ ನುಂಗಿಕೊಳ್ಳುತ್ತಿದ್ದೆನೇನೋ. ಮೂರು ವರ್ಷದ ಹಿಂದೆ ನಮ್ಮ ಕಾಲೇಜಿಗೆ ಅವರನ್ನು ಅತಿಥಿಯಾಗಿ ಕರೆಸಿದ್ದರು. ನಾನು ಹಿಂದಿನ ಸಾಲಿನಲ್ಲಿ ಮೈಕಿನ ವೈರು ನೋಡಿಕೊಳ್ಳುತ್ತಾ ಕೂತಿದ್ದೆ. ಹುಳುಮನೆಯ ತಟ್ಟೆಯ ಕಥೆ ಆಯಿತು, ಮಕ್ಕಳು ಚಪ್ಪಾಳೆ ತಟ್ಟಿದರು. ಆಮೇಲೆ ಶುರುಮಾಡಿದರು.

"ನಮ್ಮಲ್ಲಿ ಒಬ್ಳು ಹುಡ್ಗಿ ಇದ್ಲು. ಬಾಳ ಚುರುಕು. ಒಂದಿನ ಏನ್ ಮಾಡುದ್ಲು ಗೊತ್ತಾ? ಫೋಟೊ ತೆಗೆದುಹಾಕಾಕೆ ಭಯ ಬಿದ್ದು ಫೋಟೊಗೆ ವಾಪಸ್ ಹೋಗ್ಬುಟ್ಲು!"

ಮಕ್ಕಳು ಬಿದ್ದು ಬಿದ್ದು ನಕ್ಕರು. ತಮ್ಮ ಭಯವನ್ನೂ ನನಗೇ ಕಟ್ಟಿಬಿಟ್ಟಿದ್ದರು. ಕಥೆಗೆ ಕೈಕಾಲು ಬಂದಿತ್ತು. ನಾನು ಅತ್ತದ್ದು, ಅವರು ಸಮಾಧಾನ ಮಾಡಿದ್ದು, ರೈತರ ಮುಂದೆ ತಾವು ಅಡ್ಡ ನಿಂತದ್ದು. "ಈಗ ಎಲ್ಲವ್ಳೋ, ಚೆನ್ನಾಗಿರ್ಲಿ ಪಾಪ" ಎಂದು ಮುಗಿಸಿದರು. ಎಲ್ಲ ಕಾಲೇಜಿನಲ್ಲೂ ಹೇಳುವ ಕಥೆ ಅದು ಎಂದು ಆಮೇಲೆ ತಿಳಿಯಿತು. ನನ್ನ ಪಕ್ಕದಲ್ಲಿ ಕೂತಿದ್ದ ಮೇಷ್ಟ್ರು ಅದಾಗಲೇ ನನ್ನನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಆವತ್ತು ಮೈಕಿನ ವೈರು ಕಿತ್ತೆಸೆಯದೆ ಬಂದದ್ದು ದೊಡ್ಡದು.

ಹಾಗಾಗಿ ಕಾರ್ಯದರ್ಶಿಗಳು ಫೋನು ಮಾಡಿದ ವಾರದಲ್ಲೇ ಇಲ್ಲಿಯವರೆಗಿನದನ್ನು ಬರೆದು, ಪ್ರತಿ ಪುಟದಲ್ಲೂ ಸಾರ್ ಹೆಸರನ್ನು ಇನಿಶಿಯಲ್ ಸಮೇತ ಹಾಕಿ, ಚನ್ನಪಟ್ಟಣದಲ್ಲಿರುವ ಸಾರ್ ಮನೆಗೆ ಹೋದೆ. ಬೆನ್ನ ಹಿಂದೆ ಹೇಳುವುದು ಅವರ ಅಭ್ಯಾಸ. ನಾನು ಎದುರಿಗೇ ಓದಬೇಕಿತ್ತು.

ಮುದುಕರಾಗಿದ್ದರು. ಮೀಸೆ ಬೆಳ್ಳಗಾಗಿತ್ತು. ನನ್ನನ್ನು ಕಂಡು ನಿಜವಾಗಿಯೂ ಖುಷಿಪಟ್ಟರು, ಅದು ನನಗೆ ಇನ್ನೂ ಉರಿಸಿತು. ಅವರ ಹೆಂಡತಿ ನನ್ನನ್ನು ಗುರುತು ಹಿಡಿದು ಒಳಗೆ ಕರೆದು ಕಾಫಿ ಕೊಟ್ಟರು. ನಾನು ಲೋಟ ಪಕ್ಕಕ್ಕಿಟ್ಟು ಮೊದಲಿನಿಂದ ಕೊನೆಯವರೆಗೂ ಓದಿದೆ. ಆಯುಧಪೂಜೆಯ ಜಾಗದಲ್ಲಿ ಅವರು ನಕ್ಕರು. ಶುಕ್ರವಾರ ಬಂದಾಗ ನಗು ನಿಂತಿತು. ಮುಗಿದ ಮೇಲೆ ನನ್ನ ತಲೆಯ ಮೇಲೆ ಕೈ ಇಡಲು ಬಂದರು.

"ಇನ್ನೂ ಅದ್ನೇ ತಲೇಲಿ ಮಡಿಕಂಡಿದ್ದೀಯಾ? ನಾನು ನಿನ್ನ ಯಾವತ್ತೋ ಕ್ಷಮಿಸ್ಬುಟ್ಟೆ ಕಣವ್ವ."

ಅವರು ಸುಳ್ಳು ಹೇಳುತ್ತಿರಲಿಲ್ಲ, ಅದು ಅವರ ಮುಖದಲ್ಲೇ ಕಾಣುತ್ತಿತ್ತು. ಅಷ್ಟು ಕಾಲೇಜುಗಳಲ್ಲಿ ಹೇಳಿ ಹೇಳಿ ತಾವೇ ನಂಬಿಬಿಟ್ಟಿದ್ದರು. ಬ್ಯಾಗಿನಿಂದ ಆ ಪ್ರಿಂಟು ತೆಗೆದು ಅವರ ಮುಂದೆ ಹಿಡಿದೆ. ಕನ್ನಡಕ ಒರೆಸಿಕೊಂಡು ಓದಿದರು. ಬೆರಳು ತಮ್ಮ ಹೆಸರಿನ ಮೇಲೆ ಬಂದು ನಿಂತಿತು.

"ಇದು ನನ್ ಲಾಗಿನ್ನೇ. ಆದ್ರೆ ನನ್ ಪಾಸ್ವರ್ಡು ನಿಂಗೂ ಗೊತ್ತಿತ್ತಲ್ಲ?"

ಗೊತ್ತಿತ್ತು. ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅವರೇ ಅದನ್ನು ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟಿದ್ದರು. ನಮ್ಮಲ್ಲಿ ನಮ್ಮಲ್ಲೇ ಏನು ಗುಟ್ಟು ಎನ್ನುತ್ತಿದ್ದರು. ಒಂಬತ್ತು ವರ್ಷ ಬಚ್ಚಿಟ್ಟುಕೊಂಡಿದ್ದ ಕಾಗದ ಒಂದು ಮಾತಿಗೆ ರದ್ದಿಯಾಯಿತು. ನಾನು ತಿಪ್ಪಸಂದ್ರದಲ್ಲಿದ್ದೆ ಎಂದೆ. ಅಲ್ಲಿಂದಲೂ ಒತ್ತಬಹುದಲ್ಲ ಎಂದರು. ಒತ್ತಬಹುದು, ಅದೂ ನಿಜ. ನಮ್ಮ ಸಾಫ್ಟ್‌ವೇರನ್ನು ಎಲ್ಲಿಂದ ಬೇಕಾದರೂ ನಡೆಸಬಹುದಿತ್ತು. ಅದನ್ನೇ ಹೇಳಿಕೊಂಡು ತಾನೆ ನಾವು ಊರೂರು ಅಲೆದು ಮಾರಿದ್ದು?

ಆಗ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಮಾತಾಡಿದರು. ದನಿ ಏರಿಸಲಿಲ್ಲ.

"ಅಲ್ರೀ, ಅವತ್ತು ಮಧ್ಯಾಹ್ನ ಊಟಕ್ಕೆ ಬಂದೋರು ತಟ್ಟೆ ಮುಂದೆ ಕೂತು, 'ತಪ್ಪು ಗುಂಡಿ ಒತ್ಬುಟ್ಟೆ ಕಣೆ, ಆ ಮಗಾ ಊರಲ್ಲಿಲ್ಲ, ಏನ್ ಮಾಡ್ಲಿ' ಅಂದಿದ್ದು ನೀವೇ ಅಲ್ವಾ? ಅನ್ನ ಬುಟ್ಟು ಎದ್ದೋದ್ರಲ್ಲ. ನಾನೇ ಹಿಂದಿಂದೆ ಮಜ್ಗೆ ತಕ್ಕೊಂಡ್ ಬಂದ್ನಲ್ಲ."

ಸಾರ್ ಹೆಂಡತಿಯ ಕಡೆ ತಿರುಗಿ ನೋಡಿದರು. ಬಹಳ ಹೊತ್ತು ನೋಡಿದರು. ನಿಧಾನವಾಗಿ ಅವರ ಮುಖದಲ್ಲಿ ಆ ಮಧ್ಯಾಹ್ನ ವಾಪಸ್ ಬಂದದ್ದನ್ನು ನಾನು ಕಣ್ಣಾರೆ ಕಂಡೆ. ಕೈಯಲ್ಲಿದ್ದ ಕಾಗದವನ್ನು ಮೊಣಕಾಲಿನ ಮೇಲಿಟ್ಟುಕೊಂಡು ತಲೆ ತಗ್ಗಿಸಿದರು.

"ಹೌದು ಕಣವ್ವ. ನಾನೇ ಒತ್ತಿದ್ದು."

ಅಯ್ಯೋ ಅನ್ನಿಸಬೇಕಿತ್ತೇನೋ. ಅನ್ನಿಸಲಿಲ್ಲ. ಆ ಅಮ್ಮನಿಗೆ ಕೈಮುಗಿದೆ. ಅವರು ಆರಿದ ಕಾಫಿ ಎತ್ತಿಕೊಂಡು ಹೋಗಿ ಬಿಸಿ ಮಾಡಿ ತಂದರು. ಆಮೇಲೆ ನಾನು ಸಾರ್ ಅವರನ್ನು ಕೇಳಿದೆ:

"ಇದನ್ನೂ ಸೇರಿಸಿ ಬರ್ದು ಕೊಡ್ತೀನಿ ಸಾರ್. ಸಮಿತಿಯೋರು ಒಂದು ಸಾಲೂ ತೆಗೀಬಾರ್ದು. ಈಗ್ಲೇ ಫೋನ್ ಮಾಡಿ ಹೇಳಿ."

ಅವರು ವಾದ ಮಾಡಲಿಲ್ಲ. ನನ್ನ ಮುಂದೆಯೇ ಕಾರ್ಯದರ್ಶಿಗಳಿಗೆ ಫೋನು ಹಚ್ಚಿ, "ಆ ಹುಡ್ಗಿ ಏನ್ ಬರ್ದವ್ಳೋ ಅಂಗೇ ಅಚ್ಚಾಕ್ಸಿ, ನಂದು ಒಪ್ಗೆ ಐತೆ" ಎಂದರು. ಫೋನಿಟ್ಟ ಮೇಲೆ ನನ್ನ ಕಡೆ ನೋಡಿ, "ಹೆಸ್ರು ಒಂದ್ ತೆಗ್ದುಬುಡವ್ವ. ಮಿಕ್ಕಿದ್ದೆಲ್ಲ ಇರ್ಲಿ. ಮೊಮ್ಮಕ್ಳು ಓದ್ತವೆ" ಎಂದರು.

ನಾನು ಯೋಚಿಸಿದೆ. ಜಾಸ್ತಿ ಹೊತ್ತು ಬೇಕಾಗಲಿಲ್ಲ. ತೆಗೆಯುತ್ತೇನೆ ಸಾರ್ ಎಂದೆ. ಅವರು ಎರಡೂ ಕೈ ಜೋಡಿಸಿದರು. ದಯೆ ತೋರಿಸಿದೆ ಅಂದುಕೊಂಡರು, ಪಾಪ.

ಅವರು ಯಾವ ಕಾಲೇಜಿನಲ್ಲೂ ನನ್ನ ಹೆಸರು ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಕೇಳಿದವರು ಪಕ್ಕದವರತ್ತ ಬಗ್ಗಿ ಯಾರು ಅದು ಎನ್ನುತ್ತಿದ್ದರು, ಪಕ್ಕದವರು ಹೇಳುತ್ತಿದ್ದರು. ಹಾಗೆ ಬಾಯಿಂದ ಬಾಯಿಗೆ ನನ್ನ ಹೆಸರು ನಾಲ್ಕು ತಾಲ್ಲೂಕು ಸುತ್ತಿ ಬಂತು. ಸನ್ಮಾನದ ದಿನ ಈ ಪುಸ್ತಕ ಎಲ್ಲರ ಕೈಯಲ್ಲೂ ಇರುತ್ತದೆ. ಅಕ್ಕೂರಿನಿಂದಲೂ ಜನ ಬರುತ್ತಾರೆ. ಚಿಕ್ಕಪ್ಪನಿಗೆ ಮುಂದಿನ ಸಾಲಿನಲ್ಲೇ ಜಾಗ ಇಡಿ ಎಂದು ಕಾರ್ಯದರ್ಶಿಗಳಿಗೆ ಹೇಳಿದ್ದೇನೆ. ಮಾತು ಕೊಟ್ಟ ಹಾಗೆ ಎಲ್ಲ ಪುಟಗಳಿಂದಲೂ ಹೆಸರು ತೆಗೆದಿದ್ದೇನೆ. ಇವರು ಯಾರು ಎಂದು ತಿಳಿಯಬೇಕಾದವರು ಪಕ್ಕದ ಕುರ್ಚಿಯವರನ್ನು ಕೇಳಿ.